ಗರ್ಜನೆ ಆಡದ ಭಾಷಣ

ಮೈಕು ಕೆಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ‘ಧ್ವನಿವರ್ಧಕ ಕೆಟ್ಟಿದ್ದರಿಂದ ಭಾಷಣ ಕೇಳಿಸಲಿಲ್ಲ’ ಎಂದು ಒಂದು ಸಾಲು ಬರೆದು ಸ್ಟೆನೋ ಮನೆಗೆ ಹೋಗಬಹುದಿತ್ತು. ಆದರೆ ಮೈಕು ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಭಾಷಣಕಾರನ ಬಾಯಿ.

ಆ ಭಾಷಣಕಾರ ಬಾಡಿಗೆದಾರರ ಸಂಘದ ಅಧ್ಯಕ್ಷ. ಊರೆಲ್ಲ ಅವನನ್ನು ಗರ್ಜನೆ ಎಂದು ಕರೆಯುತ್ತಿತ್ತು. ಪಕ್ಕದಲ್ಲಿ ಕೂತು ಒಬ್ಬರ ಹತ್ತಿರ ಮಾತಾಡಿದರೆ ಸುಮಾರಾಗಿ ತಿಳಿಯುತ್ತಿತ್ತು. ನಾಲ್ಕು ಜನರ ಮುಂದೆ ನಿಂತನೋ, ನಾಲಿಗೆ ಗಂಟು ಬೀಳುತ್ತಿತ್ತು. ಮಾತು ಮೀಸೆಯೊಳಗೆ ಹುಟ್ಟಿ ಮೀಸೆಯೊಳಗೇ ತೀರಿಕೊಳ್ಳುತ್ತಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಹಾಸಿಗೆ ಸುತ್ತಿಡುತ್ತ ಗೊಣಗಿದ ಹಾಗೆ ಒಂದು ಸದ್ದು ಧ್ವನಿವರ್ಧಕದಿಂದ ಬಂದು ಮೈದಾನವನ್ನೆಲ್ಲ ತುಂಬುತ್ತಿತ್ತು. ಆ ಹೆಸರನ್ನು ಯಾರೋ ತಮಾಷೆಗೆ ಇಟ್ಟಿದ್ದರು. ಅವನು ಅದನ್ನು ಬಿರುದು ಎಂದುಕೊಂಡಿದ್ದ.

ಸ್ಟೆನೋ ಪೊಲೀಸ್ ಇಲಾಖೆಯ ಶೀಘ್ರಲಿಪಿಗಾರ. ಸಭೆಗಳಲ್ಲಿ ವೇದಿಕೆಯ ಕೆಳಗೆ, ಭಾಷಣಕಾರನ ಮೂಗಿನ ನೇರಕ್ಕೆ ಕುರ್ಚಿ ಹಾಕಿಸಿಕೊಂಡು ಕೂತು, ಸರ್ಕಾರದ ಮೇಲೆ ಯಾರು ಏನಂದರು ಎಂದು ಬರೆದುಕೊಳ್ಳುವುದು ಅವನ ಕೆಲಸ. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಭಾಷಣಕಾರರು ಸಭಿಕರಿಗಿಂತ ಮೊದಲು ಅವನಿಗೇ ನಮಸ್ಕಾರ ಹೇಳುತ್ತಿದ್ದರು. ಪೆನ್ಸಿಲ್ ಮೊನೆ ಮುರಿದರೆ, ಇನ್ನೊಂದು ತೆಗೆಯುವವರೆಗೆ ನೀರು ಕುಡಿಯುತ್ತ ಕಾಯುತ್ತಿದ್ದರು.

ವರ್ಷಗಳ ಹಿಂದೆ ಗರ್ಜನೆಯ ಮೊದಲ ಭಾಷಣಕ್ಕೆ ಹೋಗಿ ಬಂದು ಸ್ಟೆನೋ ಅರ್ಧ ಪುಟದ ವರದಿ ಕೊಟ್ಟಿದ್ದ. ಸಂಜೆಯಿಡೀ ಮಾತಾಡಿದವನು ಇಷ್ಟೇ ಹೇಳಿದನಾ, ಇಲ್ಲ ನೀವು ಅಲ್ಲಿ ನಿದ್ದೆ ಹೊಡೆದಿರಾ ಎಂದು ಠಾಣೆಯ ಸಾಹೇಬರು ಕೇಳಿದರು. ಆಮೇಲಿನಿಂದ ಸ್ಟೆನೋ ಪುಟ ತುಂಬಿಸತೊಡಗಿದ. ತುಂಬಿಸುವುದಾದರೂ ಯಾವುದರಿಂದ? ಸರ್ಕಾರದ ಮೇಲೆ ಒಂದು ಕೆಟ್ಟ ಮಾತು ಅವನ ತಲೆಯಲ್ಲಿ ಹುಟ್ಟುವ ಹಾಗಿರಲಿಲ್ಲ. ಕನಸಿನಲ್ಲಿ ಮಂತ್ರಿ ಬಂದರೂ ಹಾಸಿಗೆಯಲ್ಲಿ ಎದ್ದು ಕೂರುವ ಪೈಕಿ ಅವನು. ಆದರೆ ಮನೆಯಲ್ಲಿ ಹೆಂಡತಿ ಇದ್ದಳು. ದಿನಾ ಬೆಳಿಗ್ಗೆ ಪಾತ್ರೆ ತಿಕ್ಕುತ್ತ ಅವಳು ನಲ್ಲಿಯಿಂದ ಶುರು ಮಾಡಿ ಆಸ್ಪತ್ರೆ, ಶಾಲೆ, ರಸ್ತೆಗಳನ್ನು ಹಾದು ಮಂತ್ರಿಮಂಡಲದವರೆಗೆ ಹೋಗಿ ಬರುತ್ತಿದ್ದಳು. ಸ್ಟೆನೋ ಅದನ್ನೇ ಅಚ್ಚಿನ ಭಾಷೆಗೆ ತಿರುಗಿಸಿ ಗರ್ಜನೆಯ ಹೆಸರಿನ ಕೆಳಗೆ ಬರೆದ. ಸಾಹೇಬರಿಗೆ ಪುಟ ಸಿಕ್ಕಿತು, ಗರ್ಜನೆಗೆ ಪೊಲೀಸ್ ದಾಖಲೆಯಲ್ಲಾದರೂ ಒಂದು ನಾಲಿಗೆ ಸಿಕ್ಕಿತು. ವರದಿಗಳು ಕಬ್ಬಿಣದ ಬೀರುವಿಗೆ ಹೋಗಿ ಬೀಳುತ್ತಿದ್ದವು. ಇಲಿಗಳನ್ನು ಬಿಟ್ಟರೆ ಯಾರೂ ಅವುಗಳ ರುಚಿ ನೋಡಿರಲಿಲ್ಲ.

ಅಷ್ಟರಲ್ಲಿ ದೇಶದ ದಂಡ ಸಂಹಿತೆಗೆ ಸುಧಾರಣೆ ಬಂತು. ಹಿಂದಿನ ದೊರೆಗಳು ಮಾಡಿಟ್ಟ ರಾಜದ್ರೋಹದ ಕಲಮನ್ನು ಕಿತ್ತುಹಾಕಿದ್ದೇವೆ, ಇನ್ನು ಸ್ವತಂತ್ರ ಪ್ರಜೆಯ ಮೇಲೆ ಆ ಕೆಟ್ಟ ಹೆಸರಿನ ಕೇಸು ಬೀಳುವುದಿಲ್ಲ ಎಂದು ಕಾನೂನು ಮಂತ್ರಿಗಳು ಸದನದಲ್ಲಿ ಹೇಳಿದಾಗ ಎರಡೂ ಕಡೆಯ ಸದಸ್ಯರು ಮೇಜು ಕುಟ್ಟಿದರು. ಅದರ ಜಾಗಕ್ಕೆ ‘ರಾಷ್ಟ್ರಗೌರವ ರಕ್ಷಣೆ’ ಎಂಬ ಹೊಸ ಕಲಮು ಬಂದಿತ್ತು. ಹಳೆಯದರಲ್ಲಿ ದಂಗೆಗೆ ಕುಮ್ಮಕ್ಕು ಕೊಟ್ಟಿರಬೇಕು ಎಂದಿತ್ತು. ಹೊಸದರಲ್ಲಿ ಸರ್ಕಾರದ ಮೇಲಿನ ಜನರ ಒಲವು ಕುಗ್ಗಿದರೆ ಸಾಕು. ಹಳೆಯದಕ್ಕೆ ಮೂರು ವರ್ಷ, ಹೊಸದಕ್ಕೆ ಏಳು. ಅಜ್ಜ ಹಾಕಿದ ಬೇಲಿ ವ್ಯಾಜ್ಯ ಮೊಮ್ಮಗನ ತಲೆ ನರೆಯುವವರೆಗೂ ತೀರದ ಕೋರ್ಟುಗಳಲ್ಲಿ ಈ ಕಲಮಿನ ಕೇಸುಗಳನ್ನು ಮಾತ್ರ ಒಂದೇ ದಿನದಲ್ಲಿ ಮುಗಿಸಬೇಕು ಎಂಬುದು ಇನ್ನೊಂದು ಸುಧಾರಣೆ.

ಹೊಸ ಕಲಮಿಗೆ ಹೊಸ ಕೇಸು ಬೇಕಿತ್ತು. ಮೇಲಿನ ಕಚೇರಿಯವರು ಬೀರುಗಳನ್ನು ತೆಗೆಸಿದರು. ಕಾನೂನು ಜಾರಿಗೆ ಬಂದ ಮೇಲೆ ಗರ್ಜನೆ ನೀರಿನ ಟ್ಯಾಂಕಿನ ಮೈದಾನದಲ್ಲಿ ಮಾಡಿದ ಭಾಷಣದ ವರದಿ ಅವರ ಕೈಗೆ ಸಿಕ್ಕಿತು. ಓದಿದ ಅಧಿಕಾರಿ ಮೊದಲು ನಕ್ಕನಂತೆ. ಆಮೇಲೆ ಬಾಗಿಲು ಹಾಕಿಕೊಂಡು ಇನ್ನೊಂದು ಸಲ ಓದಿದನಂತೆ. ಆಮೇಲೆ ಗರ್ಜನೆಯನ್ನು ಹಿಡಿದು ತನ್ನಿ ಎಂದನಂತೆ.

ಗರ್ಜನೆಯನ್ನು ಹಿಡಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅವನು ಏನು ಹೇಳಿದ್ದ ಎಂಬುದು ಬರಲಿಲ್ಲ. ಅಚ್ಚು ಹಾಕಿದವರಿಗೂ ಅದೇ ಏಳು ವರ್ಷ. ಅಂಥದ್ದೇನು ಅಂದ ಎಂದು ಊರಿಗೆ ಊರೇ ತಲೆ ಕೆಡಿಸಿಕೊಂಡಿತು. ಸಭೆಯಲ್ಲಿದ್ದವರು, ತಮಗೆ ಎಲ್ಲ ಸ್ಪಷ್ಟವಾಗಿ ಕೇಳಿಸಿತ್ತು, ಆದರೆ ಕಾನೂನಿನ ಪ್ರಕಾರ ಹೇಳುವ ಹಾಗಿಲ್ಲ ಎಂದು ಗಂಭೀರವಾಗಿ ಬಾಯಿ ಮುಚ್ಚಿಕೊಂಡರು.

ವಿಚಾರಣೆಯ ದಿನ ಬೆಳಿಗ್ಗೆ ಸ್ಟೆನೋ ಎದ್ದು ನೋಡಿದರೆ ಹೆಂಡತಿ ಆಗಲೇ ಹೊರಗೆ ಹೋಗುವ ಬಟ್ಟೆ ಹಾಕಿಕೊಂಡು ಕೂತಿದ್ದಳು. ಎಲ್ಲಿಗೆ ಎಂದು ಕೇಳಿದ. ಪಕ್ಕದ ಮನೆಯ ಟೈಲರಮ್ಮ, ಎದುರು ಮನೆಯ ನರ್ಸು, ಬೀದಿಯ ಹೆಂಗಸರೆಲ್ಲ ಕೋರ್ಟಿಗೆ ಹೊರಟಿದ್ದಾರೆ, ಆ ಭಾಷಣವನ್ನು ಅಲ್ಲಿ ಓದಿಸುತ್ತಾರಂತೆ, ತಾನೂ ಹೋಗುತ್ತೇನೆ ಎಂದಳು.

ಭಾಷಣವನ್ನು ಓದಬೇಕಾದವನು ಸ್ಟೆನೋನೇ. ಬರೆದುಕೊಂಡವನೇ ಸಾಕ್ಷಿಕಟ್ಟೆಯಲ್ಲಿ ನಿಂತು ಓದಬೇಕು ಎಂಬುದು ಕೋರ್ಟಿನ ಪದ್ಧತಿ.

ಅವನಿಗೆ ಹೆದರಿಕೆ ಇದ್ದದ್ದು ನ್ಯಾಯಾಧೀಶರ ಬಗ್ಗೆ ಅಲ್ಲ, ಹೆಂಡತಿಯ ಕಿವಿಯ ಬಗ್ಗೆ. ತನ್ನದನ್ನು ಇನ್ನೊಬ್ಬರ ಕೈಯಲ್ಲಿ ಕಂಡರೆ ಸುಮ್ಮನಿರುವವಳಲ್ಲ ಅವಳು. ತಾನು ಹಾಕಿದ ಸ್ವೆಟರಿನ ಹೆಣಿಗೆಯನ್ನು ಟೈಲರಮ್ಮ ತನ್ನದೆಂದು ಹೇಳಿಕೊಂಡಾಗ ಒಂದು ಚಳಿಗಾಲ ಪೂರ್ತಿ ಎರಡು ಮನೆಗಳ ಮಧ್ಯೆ ಮಾತಿರಲಿಲ್ಲ. ಅಂಥವಳು ತುಂಬಿದ ಕೋರ್ಟಿನಲ್ಲಿ ಎದ್ದು ನಿಂತು, ‘ಅದು ನಾನು ಹೇಳಿದ್ದು’ ಅಂದರೆ? ಹೊಸ ಕಲಮು ಅವಳನ್ನು ಆ ಬೆಂಚಿನಿಂದಲೇ ಕರೆದುಕೊಂಡು ಹೋಗುತ್ತದೆ. ಏಳು ವರ್ಷ. ಬೆಳಗಿನ ಹೊತ್ತು ಅಡುಗೆಮನೆಯಲ್ಲಿ ಪಾತ್ರೆಯ ಸದ್ದಿಲ್ಲದ ಮನೆಯನ್ನು ಅವನು ಒಂದು ಕ್ಷಣ ಕಣ್ಣ ಮುಂದೆ ತಂದುಕೊಂಡ.

ಇವತ್ತು ಗ್ಯಾಸಿನವನು ಬರುತ್ತಾನೆ ಎಂದ. ನಿನ್ನೆಯೇ ಬಂದು ಹೋದ ಎಂದಳು. ಕೋರ್ಟಿನ ಬೆಂಚುಗಳ ತುಂಬ ತಿಗಣೆ ಎಂದ. ನಿಂತುಕೊಂಡೇ ಕೇಳುತ್ತೇನೆ ಎಂದಳು. ಗಂಡ ಸಾಕ್ಷಿ ಹೇಳುವಾಗ ಹೆಂಡತಿ ಎದುರಿಗಿದ್ದರೆ ಮಾತು ತಡವರಿಸುತ್ತದೆ ಎಂದ.

“ಮನೇಲಿ ತಡವರಿಸ್ದೆ ಮಾತಾಡಿದ್ದು ಯಾವಾಗ ರೀ?” ಎಂದಳು.

ಕೊನೆಗೆ ಸ್ಟೆನೋ ಹೊರಗೆ ಬಂದು ಸಾಹೇಬರಿಗೆ ಫೋನ್ ಮಾಡಿದ. ಗರ್ಜನೆಯ ಕಡೆಯವರಿಂದ ತನಗೆ ಬೆದರಿಕೆ ಬಂದಿದೆ, ಜೀವಭಯವಿದೆ, ವಿಚಾರಣೆಯನ್ನು ಬೇರೊಂದು ಊರಿಗೆ ಬದಲಾಯಿಸಿದರೆ ಒಳ್ಳೆಯದು ಎಂದು ಒಂದು ಕತೆ ಹೆಣೆದ. ಗರ್ಜನೆಯ ಕಡೆಯವರು ಎಂದರೆ ಒಬ್ಬ ಕಿವುಡ ಕಾರ್ಯದರ್ಶಿ ಮತ್ತು ಬಾಡಿಗೆ ಕಟ್ಟಲಾಗದ ಕೆಲವು ವಿಧವೆಯರು. ಆದರೆ ಸಾಹೇಬರು ನಂಬಿದರು, ಅವನು ಬಯಸಿದ್ದಕ್ಕಿಂತ ಜಾಸ್ತಿಯೇ ನಂಬಿದರು. ಸ್ವಲ್ಪ ಹೊತ್ತಿಗೆ ಬೀದಿಯ ಬಾಯಿಗೆ ಪೊಲೀಸ್ ಜೀಪು ಬಂದು ನಿಂತಿತು. ಇಂಥ ಹೊತ್ತಿನಲ್ಲಿ ಮನೆಯವರನ್ನು ಒಂಟಿಯಾಗಿ ಬಿಟ್ಟು ಬರುವುದೇ, ಅವರನ್ನೂ ಕರೆತನ್ನಿ, ಕೋರ್ಟಿನಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿ ಎಂದು ಸಾಹೇಬರ ಅಪ್ಪಣೆಯಾಗಿತ್ತು. ಜೀಪಿನಲ್ಲಿ ಜಾಗವಿದೆ ಎಂದು ಹೆಂಡತಿ ಟೈಲರಮ್ಮನನ್ನೂ ಹತ್ತಿಸಿಕೊಂಡಳು. ಸಾಕ್ಷಿಗೆ ಜಾಗ ಸಾಲದೆ ಸ್ಟೆನೋ ಹಿಂದಿನ ಕಂಬಿಗೆ ಜೋತುಬಿದ್ದುಕೊಂಡು ಕೋರ್ಟು ತಲುಪಿದ.

ಅಂಗಳದಲ್ಲಿ ಜಾತ್ರೆಯಷ್ಟು ಜನ. ಇನ್ನು ಉಳಿದದ್ದು ಒಂದೇ ದಾರಿ ಎಂದುಕೊಂಡು ಸ್ಟೆನೋ ಪಡಸಾಲೆಯಲ್ಲಿ ಕಾವಲಿನವರ ಮಧ್ಯೆ ಕೂತಿದ್ದ ಗರ್ಜನೆಯನ್ನು ಹುಡುಕಿಕೊಂಡು ಹೋದ. ಕಾವಲಿನವರು ಇವನನ್ನು ಬಲ್ಲವರೇ. ಬೀಡಿ ಹಚ್ಚಲು ಆಚೆ ಸರಿದರು. ಸ್ಟೆನೋ ಬಗ್ಗಿ, ನೀವು ಆ ಮಾತುಗಳನ್ನು ಆಡಿಲ್ಲ, ಆಡಿಲ್ಲ ಎಂದೇ ಹೇಳಿ, ನಿಮ್ಮ ಮಾತು ಯಾರಿಗೂ ಕೇಳಿಸುವುದಿಲ್ಲ ಅಂತ ನಿಮ್ಮ ವಕೀಲ ವಾದಿಸಲಿ, ನಾನು ತಪ್ಪಾಗಿ ಕೇಳಿಸಿಕೊಂಡಿರಬಹುದು ಎಂದು ಒಪ್ಪಿಕೊಳ್ಳುತ್ತೇನೆ ಎಂದ. ಕೆಲಸ ಹೋಗುತ್ತದೆ, ಹೋಗಲಿ ಎಂದು ಮನಸ್ಸಿನಲ್ಲೇ ಸೇರಿಸಿದ.

ಗರ್ಜನೆಗೆ ಸಿಟ್ಟು ಬಂತು. ಲಾಕಪ್ಪಿನಲ್ಲಿ ಆರೋಪಪಟ್ಟಿಯ ಪ್ರತಿ ಕೊಟ್ಟಿದ್ದರು. ಅದನ್ನು ಅವನು ಬಾಯಿಪಾಠ ಮಾಡಿಬಿಟ್ಟಿದ್ದ. ಇಷ್ಟು ವರ್ಷ ತಿರುಗಿ ನೋಡದ ದೊಡ್ಡ ಪಕ್ಷದವರು ಕಂಬಿಯ ಹತ್ತಿರ ಬಂದು ಕೈ ಕುಲುಕಿ ಹೋಗಿದ್ದರು. ಅಂಗಳದಲ್ಲಿ ಅವನ ಹೆಸರಿನ ಜೈಕಾರ ಕೇಳಿಸುತ್ತಿತ್ತು.

“ನಾನೇ ಹೇಳಿದ್ದು. ನಿಮಗೆ ನೆನಪಿಲ್ಲ ಅಂದ್ರೆ ವಯಸ್ಸಾಯ್ತು ನಿಮಗೆ,” ಎಂದ ಗರ್ಜನೆ. ಆಮೇಲೆ ದನಿ ಮೆತ್ತಗಾಯಿತು. “ಒಂದು ಮಾತು ಹೇಳ್ತೀನಿ ಸ್ಟೆನೋ ಅವರೇ. ನನ್ನ ಹೆಂಡತಿ ನನ್ನ ಮಾತು ಕೇಳಲಿಲ್ಲ, ಮಕ್ಕಳು ಕೇಳಲಿಲ್ಲ, ಸಂಘದವರು ಚಪ್ಪಾಳೆ ಹೊಡೀತಾ ಇದ್ದದ್ದು ನಾನು ಕೂತ್ಕೊಂಡೆ ಅಂತ. ಇಷ್ಟು ವರ್ಷದಲ್ಲಿ ನನ್ನ ಮಾತು ಸರಿಯಾಗಿ ಕೇಳಿಸ್ಕೊಂಡವರು ನೀವೊಬ್ಬರೇ.”

ಅವನ ಕಣ್ಣಲ್ಲಿ ನೀರಿತ್ತು. ಸ್ಟೆನೋ ನೆಟ್ಟಗಾಗಿ ಕೋರ್ಟಿನೊಳಕ್ಕೆ ನಡೆದ.

ಒಳಗೆ ಕೋರ್ಟು ತುಂಬಿ, ಕಿಟಕಿಯ ಸರಳುಗಳಲ್ಲೂ ಮುಖಗಳು ತೂಗುತ್ತಿದ್ದವು. ಮುಂದಿನ ಸಾಲಿನಲ್ಲಿ ಹೆಂಡತಿ, ಪಕ್ಕದಲ್ಲಿ ಟೈಲರಮ್ಮ, ಇಬ್ಬರ ಕಾವಲಿಗೆ ಒಬ್ಬ ಪೇದೆ. ಸರ್ಕಾರಿ ವಕೀಲರು ಸ್ಟೆನೋವನ್ನು ಕಟ್ಟೆ ಹತ್ತಿಸಿ, ಆರೋಪಿ ಆಡಿದ ಮಾತುಗಳನ್ನು ಓದಿ ಎಂದರು.

ಸ್ಟೆನೋ ಓದಿದ. ಎಷ್ಟು ಮೆಲ್ಲಗೆ ಓದಿದನೆಂದರೆ ಗರ್ಜನೆಯೇ ಓದುತ್ತಿದ್ದಾನೋ ಎನ್ನಿಸಿತು. ಗಟ್ಟಿಯಾಗಿ ಓದಿ ಎಂದು ನ್ಯಾಯಾಧೀಶರು ಹೇಳಿದರು. ಗಂಟಲು ಕೆಟ್ಟಿದೆ ಸ್ವಾಮಿ ಎಂದ. ನ್ಯಾಯಾಧೀಶರು ನೀರು ಕೊಡಿಸಿದರು. ನೀರು ಕುಡಿದು ಮತ್ತೆ ಹಾಗೇ ಓದಿದ. ಸಾಹೇಬರು ಎದ್ದು ಹೋಗಿ ಹೊರಗಿನ ಜನರಿಗೆ ಕೂಗಿ ಹೇಳಲು ತಂದಿದ್ದ ಮೈಕನ್ನೇ ತಂದು ಅವನ ಬಾಯಿಗೆ ಹಿಡಿಸಿದರು. ಈಗ ಅಂಗಳದಲ್ಲಿದ್ದವರಿಗೂ ಕೇಳುವ ವ್ಯವಸ್ಥೆಯಾಯಿತು.

“‘ಈ ಸರ್ಕಾರ ನಮ್ಮ ಬೀದಿಯ ನಲ್ಲಿಯಂತೆ,’” ಎಂದು ಸ್ಟೆನೋ ಓದಿದ. “‘ತಿರುಗಿಸಿದರೆ ಮೊದಲು ಸದ್ದು ಬರುತ್ತದೆ, ಆಮೇಲೆ ಗಾಳಿ ಬರುತ್ತದೆ. ನೀರು ಬರುವುದು ಮಂತ್ರಿಗಳ ಮನೆಗೆ.’”

ಹಿಂದಿನ ಬೆಂಚಿನಲ್ಲಿ ಒಬ್ಬ ಕಿಸಕ್ಕೆಂದ. ಸ್ಟೆನೋ ಕಾಗದದ ಅಂಚಿನಿಂದ ಹೆಂಡತಿಯನ್ನು ನೋಡಿದ. ಅವಳು ಕತ್ತು ಮುಂದೆ ಚಾಚಿ ಕೂತಿದ್ದಳು.

“‘ಆಸ್ಪತ್ರೆಗೆ ಹೊಸ ಬಾಗಿಲು ಇಡಿಸಿದರು. ಬಾಗಿಲನ್ನು ಉದ್ಘಾಟಿಸಿದರು. ಉದ್ಘಾಟಿಸಿದ ಮೇಲೆ ಬೀಗ ಹಾಕಿದರು. ಬೀಗದ ಕೈ ಇರುವವರು ಇನ್ನೊಂದು ಬಾಗಿಲಿನ ಉದ್ಘಾಟನೆಗೆ ಹೋಗಿದ್ದಾರೆ.’”

ಎದುರು ಮನೆಯ ನರ್ಸು ಬಾಯಿಗೆ ಬಟ್ಟೆ ಒತ್ತಿಕೊಂಡಳು. ನಗು ಬೆಂಚಿನಿಂದ ಬೆಂಚಿಗೆ ಹತ್ತಿಕೊಂಡು ಕಿಟಕಿಯಿಂದ ಹಾರಿ ಅಂಗಳಕ್ಕೆ ಬಿತ್ತು. ಈ ಬಾಗಿಲಿನ ಮಾತನ್ನು ಹೆಂಡತಿ ಮಗಳ ಜ್ವರ ಇಳಿಯದೆ ಆಸ್ಪತ್ರೆಗೆ ಹೋಗಿ ವಾಪಸು ಬಂದ ಬೆಳಿಗ್ಗೆ ಬಾಣಲೆ ಉಜ್ಜುತ್ತ ಅಂದಿದ್ದಳು. ಆವತ್ತು ಅವಳು ನಕ್ಕಿರಲಿಲ್ಲ. ಸ್ಟೆನೋಗೆ ಆ ಬಾಣಲೆಯ ಸದ್ದು ಈಗ ಕಿವಿಯಲ್ಲಿ ಕೇಳಿಸಿತು. ಅವಳಿಗೂ ಕೇಳಿಸದೆ ಇರುತ್ತದೆಯೇ? ಅವಳು ಟೈಲರಮ್ಮನ ಕಡೆ ಬಾಗಿ ಏನೋ ಪಿಸುಗುಟ್ಟಿದಳು. ಟೈಲರಮ್ಮ ಹುಬ್ಬೇರಿಸಿದಳು.

ಮುಂದಿನ ಸಾಲು ಇನ್ನೂ ಅಪಾಯದ್ದು. ಸ್ಟೆನೋ ಅದನ್ನು ಹಾರಿಸಿ ಪುಟ ಮಗುಚಿದ. ಪ್ರತಿ ಹಿಡಿದು ಬೆರಳಿಟ್ಟುಕೊಂಡು ಬರುತ್ತಿದ್ದ ಸರ್ಕಾರಿ ವಕೀಲರು ಅಲ್ಲೇ ತಡೆದು, ಒಂದು ಸಾಲು ಬಿಟ್ಟುಹೋಯಿತು, ಅದೇ ಮುಖ್ಯ ಎಂದರು. ಓದದೆ ವಿಧಿಯಿರಲಿಲ್ಲ.

“‘ಬಯ್ಯಬಾರದು ಎಂದು ಕಾನೂನು ಮಾಡುವ ಬದಲು ಬಯ್ಯಿಸಿಕೊಳ್ಳದ ಹಾಗೆ ಕೆಲಸ ಮಾಡಿದ್ದರೆ, ಒಂದು ಕಾನೂನಿನ ಕಾಗದವಾದರೂ ಉಳಿಯುತ್ತಿತ್ತು.’”

ಈ ಸಲ ಯಾರೂ ನಗಲಿಲ್ಲ. ಆಮೇಲೆ ಅಂಗಳದಿಂದ ಚಪ್ಪಾಳೆ ಶುರುವಾಗಿ ಒಳಗೆ ನುಗ್ಗಿತು. ನ್ಯಾಯಾಧೀಶರು ಮೇಜು ಬಡಿದರು. ಸ್ಟೆನೋ ಕಣ್ಣು ಮುಚ್ಚಿಕೊಂಡು ಹೆಂಡತಿಯ ದನಿಗೆ ಕಾದ. ಬರಲಿಲ್ಲ. ಕಣ್ಣು ತೆರೆದು ನೋಡಿದ. ಅವಳು ತಲೆಯೆತ್ತಿ, ಕಟಕಟೆಯಲ್ಲಿ ನಿಂತಿದ್ದ ಗರ್ಜನೆಯನ್ನೇ ನೋಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಸ್ಟೆನೋವನ್ನು ಒಂದೆರಡು ಸಲ ಹಾಗೆ ನೋಡಿದ್ದಳು.

ಗರ್ಜನೆಯ ವಕೀಲ ಹೊಸಬ, ಕೋಟು ಇನ್ನೂ ಮಡಿಕೆ ಬಿಟ್ಟಿರಲಿಲ್ಲ. ಅವನು ಎದ್ದು, ತನ್ನ ಕಕ್ಷಿದಾರನಿಗೆ ಮಾತಿನ ದೋಷವಿದೆ, ಅವನ ಬಾಯಿಂದ ಇಂಥ ಒಂದು ವಾಕ್ಯ ಹೊರಡುವುದು ಸಾಧ್ಯವೇ ಇಲ್ಲ, ಬೇಕಾದರೆ ಈಗಲೇ ಮಾತಾಡಿಸಿ ನೋಡಬಹುದು ಎಂದ. ನ್ಯಾಯಾಧೀಶರಿಗೆ ಅದು ಸರಿ ಎನ್ನಿಸಿತು. ಗರ್ಜನೆಯ ಕಡೆ ತಿರುಗಿ, ಈ ಭಾಷಣ ನಿನ್ನದೋ ಅಲ್ಲವೋ ಎಂದು ಕೇಳಿದರು.

ಗರ್ಜನೆ ಎದೆಯುಬ್ಬಿಸಿ ಮಾತಾಡಿದ. ಬಹಳ ಹೊತ್ತು ಮಾತಾಡಿದ. ಕೈ ಎತ್ತಿದ, ಇಳಿಸಿದ, ಒಮ್ಮೆ ಕಟಕಟೆ ಕುಟ್ಟಿದ. ಕೋರ್ಟಿನ ತುಂಬ ಹಾಸಿಗೆ ಸುತ್ತಿದ ಸದ್ದು. ನ್ಯಾಯಾಧೀಶರು ಕಿವಿಗೆ ಕೈ ಹಿಡಿದರು, ಸರ್ಕಾರಿ ವಕೀಲರು ಹತ್ತಿರ ಹೋಗಿ ಬಂದರು, ಬೆರಳಚ್ಚುಗಾರರು ಕೈ ಬಿಟ್ಟು ಕೂತರು. ಹೊಸ ವಕೀಲನ ಮುಖ ಅರಳಿತು.

ನ್ಯಾಯಾಧೀಶರು ಸುತ್ತ ನೋಡಿ ಕೊನೆಗೆ ಸ್ಟೆನೋ ಮೇಲೆ ಕಣ್ಣು ನಿಲ್ಲಿಸಿದರು. “ನೀವು ಇವರ ಮಾತು ವರ್ಷಗಳಿಂದ ಬರ್ಕೊಂಡು ಬಂದವರು. ಇವರು ಈಗ ಏನು ಹೇಳಿದರು?”

ಸ್ಟೆನೋಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಎಂದೂ ಕೇಳಿಸಿದ್ದಿಲ್ಲ. ಆದರೆ ಗರ್ಜನೆ ಏನು ಹೇಳಿರುತ್ತಾನೆ ಎಂಬುದು ಪಡಸಾಲೆಯಲ್ಲೇ ಗೊತ್ತಾಗಿತ್ತು. ‘ಅಲ್ಲ ಅಂದರು ಸ್ವಾಮಿ’ ಎಂದುಬಿಟ್ಟರೆ ಈ ಬಡಪಾಯಿ ಮನೆಗೆ ಹೋಗುತ್ತಾನೆ. ಹಾಗಾದರೆ ಈ ಮಾತು ಯಾರದು ಎಂಬುದೇ ಅವರ ಮುಂದಿನ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಮುಂದಿನ ಸಾಲಿನಲ್ಲಿ, ಪೇದೆಯ ಪಕ್ಕದಲ್ಲಿ ಕೂತಿತ್ತು.

ಇಬ್ಬರನ್ನೂ ಉಳಿಸುವ ಒಂದು ವಾಕ್ಯಕ್ಕಾಗಿ ಅವನು ತಲೆಯೆಲ್ಲ ತಡಕಾಡಿದ. ಇಷ್ಟು ವರ್ಷ ಇನ್ನೊಬ್ಬರ ವಾಕ್ಯಗಳನ್ನು ಬರೆದ ತಲೆಯಲ್ಲಿ ಸ್ವಂತದ್ದು ಒಂದೂ ಸಿಗಲಿಲ್ಲ.

“ಎಲ್ಲ ತಾನೇ ಹೇಳಿದ್ದು ಅಂದರು ಸ್ವಾಮಿ,” ಎಂದ ಸ್ಟೆನೋ.

ಗರ್ಜನೆ ಜೋರಾಗಿ ತಲೆಯಾಡಿಸಿ, ಕಟಕಟೆಯಿಂದಲೇ ಅವನಿಗೆ ಕೈ ಮುಗಿದ.

ತೀರ್ಪು ಊಟದ ಹೊತ್ತಿಗೆ ಮೊದಲೇ ಬಂತು. ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ, ಸರ್ಕಾರದ ಮೇಲಿನ ಒಲವು ಕುಗ್ಗಿತೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ, ಈ ನ್ಯಾಯಾಲಯದಲ್ಲೇ ಜನ ನಕ್ಕಿದ್ದಾರೆ, ಚಪ್ಪಾಳೆ ತಟ್ಟಿದ್ದಾರೆ ಎಂದು ನ್ಯಾಯಾಧೀಶರು ಬರೆಸಿದರು. ಏಳು ವರ್ಷ. ಗರ್ಜನೆಯ ಮುಖದ ಮೇಲೆ ನಗು ಸ್ವಲ್ಪ ಹೊತ್ತು ಹಾಗೇ ಇತ್ತು. ವ್ಯಾನಿನ ಬಾಗಿಲು ಹಾಕುವಾಗ ಮಾತ್ರ, ಏಳು ಎಂದರೆ ಎಷ್ಟು ಎಂದು ಆಗ ತಾನೇ ಎಣಿಸಿದವನ ಹಾಗೆ ಅವನು ಜನರ ನಡುವೆ ಯಾರನ್ನೋ ಹುಡುಕಿ ಏನೋ ಕೂಗಿದ. ಯಾರಿಗೂ ಅರ್ಥವಾಗಲಿಲ್ಲ. ಸ್ಟೆನೋ ಬೇರೆ ಕಡೆ ತಿರುಗಿ ನಿಂತಿದ್ದ. ಜನ ಜೈಕಾರ ಹಾಕಿದರು.

ಅದೇ ಜನ ಸ್ಟೆನೋಗೆ ದಾರಿ ಬಿಡಲಿಲ್ಲ. ಒಬ್ಬ ಅವನ ಬೆನ್ನಿಗೆ ಬಾಳೆಹಣ್ಣಿನ ಸಿಪ್ಪೆ ಎಸೆದ. ಜೀಪು ಸಾಹೇಬರನ್ನು ಕರೆದುಕೊಂಡು ಹೋಗಿತ್ತು. ಹೆಂಡತಿ ಅಂಗಳದ ಮೂಲೆಯಲ್ಲಿ ಹೆಂಗಸರ ಗುಂಪಿನಲ್ಲಿದ್ದಳು. ಬಾ ಎಂದು ಕರೆದರೆ, ನೀವು ಹೋಗಿ ಎಂಬಂತೆ ಕೈ ಮಾಡಿದಳು. ನಡೆದುಕೊಂಡು ಬೀದಿಗೆ ಬಂದ. ಹಾಲಿನ ಬೂತಿನವನು ಇವನನ್ನು ಕಂಡು, ಹಾಲು ಮುಗಿದಿದೆ ಎಂದು ಕೇಳುವ ಮೊದಲೇ ಹೇಳಿದ. ಹೇಳುತ್ತಲೇ ಇನ್ನೊಬ್ಬರಿಗೆ ಪ್ಯಾಕೆಟ್ ಕೊಟ್ಟ. ಯಾವತ್ತೂ ಇವನ ಕಾಲು ಮೂಸುವ ನಾಯಿ ಕೂಡ ಆ ದಿನ ಎದ್ದು ಎದುರು ಬದಿಗೆ ಹೋಯಿತು.

ಆದರೂ ಮನೆಯ ಮೆಟ್ಟಿಲ ಮೇಲೆ ಕೂತಾಗ ಸ್ಟೆನೋಗೆ ಒಂದು ಸಮಾಧಾನವಿತ್ತು. ಅವಳಿಗೆ ಗುರುತು ಸಿಗಲಿಲ್ಲ. ಹೇಗೆ ಎಂಬುದು ಈಗ ಹೊಳೆಯಿತು. ಪಾತ್ರೆಯ ಮುಂದೆ ಹೇಳಿದಾಗ ಅದು ಗೊಣಗಾಟ, ಅಚ್ಚಿನ ಭಾಷೆಯಲ್ಲಿ ಮೈಕಿನಿಂದ ಬಂದಾಗ ಅದು ಭಾಷಣ. ತಮ್ಮ ಗೊಣಗಾಟವನ್ನು ಯಾರು ತಾನೆ ಕೇಳಿಸಿಕೊಂಡಿರುತ್ತಾರೆ? ಅವಳು ಉಳಿದಳು. ಅಷ್ಟು ಸಾಕು.

ಸಂಜೆ ಹೆಂಡತಿ ಬಂದಳು. ಒಳಗೆ ಹೋಗಿ ಒಲೆ ಹಚ್ಚಿದಳು. ಅವಳ ಹಿಂದೆಯೇ ಸಾಹೇಬರು ಬಂದರು. ಆ ಮನೆಗೆ ಅವರು ಬಂದದ್ದು ಅದೇ ಮೊದಲು. ಸ್ಟೆನೋ ಕುರ್ಚಿಯ ಮೇಲಿದ್ದ ಒಗೆದ ಬಟ್ಟೆಯನ್ನು ಎತ್ತಿ ಎಲ್ಲಿಡುವುದೆಂದು ತಿಳಿಯದೆ ತಬ್ಬಿಕೊಂಡು ನಿಂತ. ದೇಶದಲ್ಲೇ ಹೊಸ ಕಲಮಿನ ಮೊದಲ ಶಿಕ್ಷೆ ನಮ್ಮ ಠಾಣೆಯದು, ನಿಮ್ಮ ಹೆಸರನ್ನು ಪದಕಕ್ಕೆ ಕಳಿಸಿದ್ದೇನೆ ಎಂದರು ಸಾಹೇಬರು. ಹೆಂಡತಿ ಚಹಾ ತಂದಿಟ್ಟಳು. ಚಹಾ ಬಹಳ ಚೆನ್ನಾಗಿದೆಯಮ್ಮ ಎಂದು ಹೊಗಳಿದರು.

ಹೊಗಳಿ, ಬಂದ ಕೆಲಸ ಹೇಳಿದರು. ನಾಳೆ ಸಂಜೆ ಟ್ಯಾಂಕಿನ ಮೈದಾನದಲ್ಲಿ ಹೆಂಗಸರು ಸಭೆ ಮಾಡುತ್ತಾರಂತೆ. ಕೋರ್ಟಿನ ಅಂಗಳದಲ್ಲೇ ಅನುಮತಿ ಕೇಳಿದರು, ಸಾಹೇಬರು ನಿಂತಲ್ಲೇ ಕೊಟ್ಟುಬಿಟ್ಟರಂತೆ. ಹೆಂಗಸರ ಮೇಲಿನ ಕೇಸು ಇನ್ನೂ ಯಾವ ಠಾಣೆಯಲ್ಲೂ ಆಗಿಲ್ಲ. ಸ್ಟೆನೋ, ತನಗೆ ಮೈ ಸರಿಯಿಲ್ಲ, ಬೇರೆ ಯಾರನ್ನಾದರೂ ಕಳಿಸಿ ಎಂದು ಬೇಡಿಕೊಂಡ. ಸಾಹೇಬರು ನಕ್ಕರು. ನಿಮ್ಮಂಥ ಕಿವಿ ಇಲಾಖೆಯಲ್ಲಿ ಇನ್ನೊಬ್ಬರಿಗಿಲ್ಲ ಎಂದರು. ಅಲ್ಲದೆ ಮೇಲಿನವರು ರೆಕಾರ್ಡರನ್ನೂ ಕಳಿಸುತ್ತಿದ್ದಾರೆ, ಯಂತ್ರಕ್ಕೂ ನಿಮ್ಮ ಬರಹಕ್ಕೂ ಒಂದಕ್ಷರ ಆಚೀಚೆ ಆಗಬಾರದು, ಆಯಿತೆಂದರೆ ನಿಮಗೇ ಕಷ್ಟ ಎಂದು ಬೆನ್ನು ತಟ್ಟಿ ಹೋದರು.

ಬಾಗಿಲು ಹಾಕಿಕೊಂಡು ಹೆಂಡತಿ ಎದುರಿಗೆ ಬಂದು ಕೂತಳು. ಬೆಳಗಿನಿಂದ ಮೊದಲ ಸಲ ಅವನ ಮುಖ ನೋಡಿದಳು.

“ನಾಳೆ ಮಾತಾಡೋದು ನಾನು,” ಎಂದಳು.

ಸ್ಟೆನೋ ತಬ್ಬಿಕೊಂಡಿದ್ದ ಬಟ್ಟೆಯೆಲ್ಲ ನೆಲಕ್ಕೆ ಬಿತ್ತು.

“ನಂಗೆ ಅಲ್ಲೆಲ್ಲ ನಿಂತು ಗೊತ್ತಿಲ್ಲ. ಆದ್ರೆ ಇವತ್ತು ಅವರ ಮಾತು ಕೇಳಿದ ಮೇಲೆ ನಂಗೆ ನಾಚಿಕೆ ಆಯ್ತು ರೀ. ನಾವೆಲ್ಲ ಇಷ್ಟು ವರ್ಷ ಬಾಯಿ ಮುಚ್ಕೊಂಡು ಬದುಕಿದ್ವಲ್ಲ. ಒಬ್ಬ ಮನುಷ್ಯ, ಬಾಯಿ ಸರಿ ಇಲ್ದೋನು, ಹೇಳಿ ಜೈಲಿಗೆ ಹೋದ. ಹೇಳಿದ್ದೆಲ್ಲ ಬರ್ದು ಕಳಿಸ್ದೋರು ನೀವು. ಅದಕ್ಕೆ ನಮ್ಮನೆಯಿಂದಲೇ ಯಾರಾದ್ರೂ ನಿಲ್ಲಬೇಕು ಅಂತ ನಾನೇ ಒಪ್ಕೊಂಡೆ. ಅವರ ಮಾತನ್ನೇ ಹೇಳ್ತೀನಿ. ಆ ನಲ್ಲಿ, ಆ ಬಾಗಿಲು, ಎಲ್ಲ.”

ಸ್ಟೆನೋ ಅವಳ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿಬಿಟ್ಟ. ಗರ್ಜನೆ ಒಂದು ಮಾತೂ ಆಡಲಿಲ್ಲ, ನಲ್ಲಿಯ ಮಾತು ಅವಳದೇ, ಬಾಗಿಲಿನ ಮಾತು ಮಗಳಿಗೆ ಜ್ವರ ಬಂದಾಗ ಬಾಣಲೆ ಉಜ್ಜುತ್ತ ಅವಳೇ ಅಂದದ್ದು, ತಾನು ಅದನ್ನೆಲ್ಲ ಕದ್ದು ಬರೆದದ್ದು, ಇವತ್ತು ಕೋರ್ಟಿನಲ್ಲಿ ಸುಳ್ಳು ಹೇಳಿದ್ದು ಅವಳಿಗಾಗಿ.

ಹೆಂಡತಿ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಮೆತ್ತಗಾಯಿತು. ಆಮೇಲೆ ಅವಳು ನಕ್ಕುಬಿಟ್ಟಳು.

“ನನ್ನ ತಡಿಯೋಕೆ ಇಷ್ಟು ದೊಡ್ಡ ಕತೆ ಕಟ್ಟಿದ್ರಾ? ಅಷ್ಟು ಚೆನ್ನಾಗಿ ಮಾತಾಡೋಕೆ ಬರೋ ಹಾಗಿದ್ರೆ ನಿಮ್ಮನೇಲಿ ಪಾತ್ರೆ ತಿಕ್ಕೊಂಡು ಯಾಕೆ ಕೂತಿರ್ತಿದ್ದೆ ನಾನು?”

ಎದ್ದು ಬಟ್ಟೆಗಳನ್ನು ಆರಿಸಿಕೊಂಡಳು. ಒಂದೊಂದಾಗಿ ಮಡಿಸುತ್ತ, ನಾಳೆಗೆ ಅಭ್ಯಾಸವೆಂಬಂತೆ, ಈ ಸರ್ಕಾರ ನಮ್ಮ ಬೀದಿಯ ನಲ್ಲಿಯಂತೆ ಎಂದು ಶುರು ಮಾಡಿದಳು. ದನಿ ಸ್ಪಷ್ಟವಾಗಿತ್ತು, ಮೈಕಿಲ್ಲದಿದ್ದರೂ ಮೈದಾನದ ಕೊನೆಯವರೆಗೆ ಮುಟ್ಟುವಂಥದ್ದು. ನೀರಿನ ಹತ್ತಿರ ಬಂದು ನಿಲ್ಲಿಸಿ, ಗಂಡನ ಕಡೆ ತಿರುಗಿದಳು.

“ಇಷ್ಟು ಜೋರಾಗಿ ಹೋದ್ರೆ ನಿಮಗೆ ಬರ್ಕೊಳ್ಳೋಕೆ ಆಗುತ್ತೆ ತಾನೆ, ಇಲ್ಲ ಸ್ವಲ್ಪ ನಿಧಾನಕ್ಕೆ ಹೇಳಲಾ?”